ಗಡಿಯ ಎತ್ತಿಗೆ ಮೂರು ಹಬ್ಬ

ಬೆಳಗಾವಿಯಿಂದ ಕೊಲ್ಲಾಪುರದತ್ತ ಹೊರಟವರು ನಿಪ್ಪಾಣಿಯನ್ನು ಹಿಂದೆ ಹಾಕಿ ಕೆಲವು ಮೈಲಿ ಸಾಗಿದರೆ ಹೆದ್ದಾರಿಯ ಮಗ್ಗುಲಲ್ಲಿ ಕೊಗನೊಳ್ಳಿ ಎಂಬ ಊರು ಕಾಣುತ್ತದೆ. ಅದರ ಆಚೆಗೆ ದೂಧಗಂಗಾ ನದಿ. ನದಿಯ ಆಚೆಗೆ ಕಾಗಲ. ಅವಸರದ ಪ್ರಯಾಣಿಕರ ಮಟ್ಟಿಗೆ ಕೊಗನೊಳ್ಳಿಯೆಂದರೆ ವಾಹನಗಳು ಸುಂಕ ಕಟ್ಟಲು ಸಾಲುಗಟ್ಟಿ ನಿಲ್ಲುವ ಠಾಣೆ, ಕರ್ನಾಟಕ ಮುಗಿದು ಮಹಾರಾಷ್ಟ್ರ ಮೊದಲಾಗುವ ಜಾಗ, ಅಷ್ಟೇ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ಬಹುಭಾಗ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ಸೇರಿದ ಮೇಲೆ ಈ ಗೆರೆಯ ಬಗೆಗೆ ನಡೆದ ವಾದವಿವಾದಗಳಿಗೆ ಲೆಕ್ಕವಿಲ್ಲ. ಆದರೆ ಈ ಭಾಗದ ಒಕ್ಕಲಿಗನ ಎತ್ತಿಗೆ ಆ ಗೆರೆಯ ಗೊಡವೆಯಿಲ್ಲ. ಅದಕ್ಕೆ ಗೊತ್ತಿರುವುದು ಹುಣ್ಣಿಮೆ, ಅಮಾವಾಸ್ಯೆಗಳು ಮಾತ್ರ.

ಜ್ಯೇಷ್ಠದ ಹುಣ್ಣಿಮೆಯನ್ನೇ ನೋಡಬಹುದು. ಅಂದು ಈ ಕಡೆಯ ಊರುಗಳಲ್ಲಿ ಮರಾಠಿ ಮನೆಯ ಮುತ್ತೈದೆಯರು ಆಲದ ಮರಕ್ಕೆ ನೂಲು ಸುತ್ತಿ ವಟಪೂರ್ಣಿಮೆಯನ್ನು ಆಚರಿಸುತ್ತಾರೆ. ಅದೇ ದಿನ ಕನ್ನಡ ಒಕ್ಕಲಿಗರಿಗೆ ಕಾರಹುಣ್ಣಿಮೆ. ಹಿಂದಿನ ದಿನವೇ ‘ಹೊನ್ನುಗ್ಗಿ’ ಎಂದು ಸಂಭ್ರಮ ಆರಂಭವಾಗಿರುತ್ತದೆ. ಎತ್ತುಗಳನ್ನು ಹೊಳೆಗೋ ಹಳ್ಳಕ್ಕೋ ಹೊಡೆದುಕೊಂಡು ಹೋಗಿ ಮೈ ತಿಕ್ಕಿ ತೊಳೆದು, ಹುಗ್ಗಿ ಉಣಿಸಿ, ಬಿದಿರಿನ ಗೊಟ್ಟದಿಂದ ಎಣ್ಣೆ, ಅರಿಶಿನ, ತತ್ತಿಗಳನ್ನು ಕುಡಿಸುತ್ತಾರೆ. ಹುಣ್ಣಿಮೆಯ ಬೆಳಿಗ್ಗೆ ಕೊಂಬಿಗೆ ಬಣ್ಣ, ತುದಿಗೆ ಹಿತ್ತಾಳೆಯ ಕೋಡಣಸು, ಕೊರಳಿಗೆ ಗೆಜ್ಜೆ, ಬೆನ್ನಿಗೆ ಝೂಲು, ಹೊಸ ಮೂಗುದಾರ. ಆ ದಿನ ಮನೆಯ ಮಗನಿಗೆ ಹೊಸ ಅಂಗಿ ಇಲ್ಲದಿದ್ದರೂ ನಡೆದೀತು, ಎತ್ತಿಗೆ ಹೊಸ ಹಗ್ಗ ಇಲ್ಲದಿದ್ದರೆ ನಡೆಯದು.

ಸಂಜೆ ಊರ ಅಗಸಿಯ ಮುಂದೆ ಬೇವಿನ ಸೊಪ್ಪು ಕಟ್ಟಿದ ಹಗ್ಗವನ್ನು ಅಡ್ಡಲಾಗಿ ಹಿಡಿಯುತ್ತಾರೆ. ಇದೇ ಕರಿ. ಡೊಳ್ಳು ಹಲಗೆಗಳ ಸದ್ದಿನೊಳಗೆ ಎತ್ತುಗಳು ಓಡಿಬರುತ್ತವೆ. ಮೊದಲು ಕರಿ ಹರಿದ ಎತ್ತು ಬಿಳಿಯದಾದರೆ ಹಿಂಗಾರಿಯ ಬಿಳಿಜೋಳ ಚೆನ್ನಾಗಿ ಬಂದೀತೆಂದೂ, ಕಂದು ಬಣ್ಣದ್ದಾದರೆ ಮುಂಗಾರಿಯ ಬೆಳೆ ಕೈಹಿಡಿದೀತೆಂದೂ ಹಿರಿಯರು ಭವಿಷ್ಯ ನುಡಿಯುತ್ತಾರೆ. ಹವಾಮಾನ ಇಲಾಖೆಯ ಮಾತು ತಪ್ಪಿದರೆ ಜನ ಗೊಣಗುವುದುಂಟು. ಎತ್ತಿನ ಮಾತು ತಪ್ಪಿದರೆ ಯಾರೂ ಗೊಣಗುವುದಿಲ್ಲ!

ಸ್ವಾರಸ್ಯವಿರುವುದು ಇನ್ನು ಮುಂದೆ. ನದಿಯಾಚೆಯ ಇಚಲಕರಂಜಿ, ಶಿರೋಳ, ಕಾಗಲ ಭಾಗಗಳಲ್ಲಿಯೂ ಇದೇ ಸುಮಾರಿಗೆ ಎತ್ತಿನ ಹಬ್ಬ ನಡೆಯುತ್ತದೆ. ಅಲ್ಲಿಯ ಮರಾಠಿಗರು ಅದನ್ನು ಕರೆಯುವುದು ‘ಕರ್ನಾಟಕಿ ಬೇಂದೂರ’ ಎಂದು. ಕರಿ ಹರಿಯುವುದಕ್ಕೆ ಅವರಾಡುವ ಮಾತಿನಲ್ಲಿಯೂ ‘ಕರ’ ಎಂಬ ಶಬ್ದವೇ ಉಳಿದಿದೆ. ಸರಿಸುಮಾರು ಒಂದು ತಿಂಗಳ ಬಳಿಕ, ಆಷಾಢದ ಹುಣ್ಣಿಮೆಯ ಹೊತ್ತಿಗೆ, ‘ಮಹಾರಾಷ್ಟ್ರ ಬೇಂದೂರ’ ಬರುತ್ತದೆ. ಮರಾಠಿ ಕ್ಯಾಲೆಂಡರುಗಳಲ್ಲಿ ಎರಡೂ ಬೇರೆ ಬೇರೆಯಾಗಿ ಅಚ್ಚಾಗುತ್ತವೆ. ಇನ್ನೂ ಒಳನಾಡಿನ ಮರಾಠವಾಡ, ವಿದರ್ಭಗಳಲ್ಲಿ ಎತ್ತು ಶ್ರಾವಣದ ಅಮಾವಾಸ್ಯೆಯವರೆಗೆ ಕಾಯಬೇಕು. ಅಲ್ಲಿ ಅದರ ಹೆಸರು ಪೋಳಾ. ಎತ್ತು ಒಂದೇ ಆದರೂ ಹಬ್ಬ ಮೂರು! ನಮ್ಮಲ್ಲಿ ಬಿತ್ತನೆಯ ದುಡಿಮೆಗೆ ಹೊರಡುವ ಎತ್ತಿಗೆ ಉಪಚಾರ. ಅಲ್ಲಿ ಮುಂಗಾರಿಯ ಉಳುಮೆ, ಎಡೆ ಹೊಡೆಯುವುದು ಮುಗಿದು ದಣಿದು ಬಂದ ಎತ್ತಿಗೆ ಉಪಚಾರ. ಒಂದು ಮುಂಗಡ, ಇನ್ನೊಂದು ಸಂದಾಯ.

ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಇಲ್ಲಿಂದ ಮುಂದೆ ಮಣ್ಣಿನದೇ ಕಾಲ. ಮೊದಲು ಜೋಡಿ ಎತ್ತು, ಜೊತೆಗೆ ಮಣ್ಣಿನದೇ ಗೋದಲಿ, ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಜೋಕುಮಾರ. ಮಳೆ ಬಿದ್ದು ಹದವಾದ ಮಣ್ಣು ಹೊಲದಲ್ಲಿ ಬೆಳೆಯಾಗುವ ತಿಂಗಳುಗಳಲ್ಲಿಯೇ ಮನೆಯ ಜಗುಲಿಯ ಮೇಲೆ ಹೀಗೆ ದೇವರಾಗುತ್ತದೆ. ಪಂಚಮಿಯ ಜೋಕಾಲಿ, ಎಳ್ಳುಂಡಿ, ಶೇಂಗಾ ಉಂಡಿ, ಅಣ್ಣನ ದಾರಿ ಕಾಯುವ ತಂಗಿ, ಇವುಗಳ ವರ್ಣನೆ ಉತ್ತರ ಕರ್ನಾಟಕದವರಿಗೆ ಬೇಕಾಗಿಲ್ಲ.

ಆದರೆ ಜೋಕುಮಾರನ ಕುರಿತು ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆಯ ಕನ್ನಡ ಹಳ್ಳಿಗಳಲ್ಲಿ ಅಂಬಿಗರ ಹೆಣ್ಣುಮಕ್ಕಳು ಬೇವಿನ ಸೊಪ್ಪು ಹಾಸಿದ ಬುಟ್ಟಿಯಲ್ಲಿ ಅವನನ್ನು ಕೂರಿಸಿಕೊಂಡು, ಬಾಯಿಗೆ ಬೆಣ್ಣೆ ಮೆತ್ತಿ, ಹಾಡುತ್ತ ಮನೆಮನೆಗೆ ತಿರುಗುತ್ತಾರೆ. ಮನೆಯವರು ಮೊರದ ತುಂಬ ಜೋಳ ನೀಡುತ್ತಾರೆ. ಅವರಿಂದ ಪಡೆದ ನುಚ್ಚನ್ನು ಒಕ್ಕಲಿಗರು ಬೆಳೆಗೆ ರೋಗ ತಗಲದಿರಲೆಂದು ಹೊಲಕ್ಕೆ ಚೆಲ್ಲುತ್ತಾರೆ. ಜೋಕುಮಾರನ ಆಯುಷ್ಯ ಏಳೇ ದಿನ. ಹುಣ್ಣಿಮೆಯ ರಾತ್ರಿ ಅವನಿಗೆ ಮರಣ. ಜನರ ನಂಬಿಕೆಯಂತೆ ಗಣಪ ಭೂಲೋಕಕ್ಕೆ ಬಂದು ಕಡುಬು ಉಂಡು ಹೋಗಿ ಶಿವನಿಗೆ ‘ಎಲ್ಲರೂ ಸುಖವಾಗಿದ್ದಾರೆ’ ಎಂದು ವರದಿ ಒಪ್ಪಿಸುತ್ತಾನೆ. ಬಡವರ ಓಣಿಗಳನ್ನು, ಬಾಡಿದ ಪೈರನ್ನು ಕಂಡವನು ಜೋಕುಮಾರ. ‘ಮಳೆಯಿಲ್ಲ, ಜನ ಕಷ್ಟದಲ್ಲಿದ್ದಾರೆ’ ಎಂದು ನಿಜ ಹೇಳಿ ಮಳೆ ತರಿಸುವವನೂ ಅವನೇ. ನಿಜ ಹೇಳುವವನಿಗೆ ಏಳೇ ದಿನದ ಆಯುಷ್ಯ ಕೊಟ್ಟ ಹಳ್ಳಿಗರ ಲೋಕಾನುಭವವನ್ನು ಮೆಚ್ಚದಿರುವುದು ಹೇಗೆ?

ದಸರೆಯಲ್ಲಿ ಬನ್ನಿಯನ್ನು ಬಂಗಾರವೆಂದು ಕೊಡುವಾಗ ಗಡಿಯ ಎರಡೂ ಬದಿಯ ಹಾರೈಕೆ ಒಂದೇ. ಕನ್ನಡದಲ್ಲಿ ಬಂಗಾರದಂತೆ ಇರೋಣವೆನ್ನುತ್ತಾರೆ, ಮರಾಠಿಯಲ್ಲಿ ಸೋನೆಯಂತೆ ಇರಿ ಎನ್ನುತ್ತಾರೆ. ಮುಂದೆ ಬರುವ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಪೈರು ತುಂಬಿ ನಿಂತಿರುತ್ತದೆ. ಭೂಮಿತಾಯಿ ಈಗ ತುಂಬಿದ ಬಸುರಿ. ಆಕೆಗೆ ಬಯಕೆಯ ಊಟ ಆಗಬೇಕು. ಮನೆಮಂದಿಯೆಲ್ಲ ರೊಟ್ಟಿ, ಕಡುಬು, ಪಲ್ಯ, ಬಾನಗಳ ಬುಟ್ಟಿ ಹೊತ್ತು ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲುತ್ತಾರೆ. ಎಳ್ಳು ಅಮಾವಾಸ್ಯೆಯಂದು ಹಿಂಗಾರಿ ಹೊಲಗಳಲ್ಲಿ ಮತ್ತೊಮ್ಮೆ ಚರಗ.

ಭೂಮಿಗೆ ಉಣಿಸುವ ಪದ್ಧತಿ ನಮ್ಮೊಬ್ಬರದೇ ಎಂದು ಬೀಗಬೇಕಾಗಿಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಪೆರು ಮತ್ತು ಬೊಲಿವಿಯಾ ದೇಶಗಳ ರೈತರು ಭೂಮಿಯನ್ನು ‘ಪಾಚಮಾಮಾ’ ಎಂಬ ತಾಯಿಯೆಂದು ಪೂಜಿಸುತ್ತಾರೆ. ಆಗಸ್ಟ್ ತಿಂಗಳಲ್ಲಿ ಆ ತಾಯಿ ಬಾಯ್ದೆರೆದು ಹಸಿದಿರುತ್ತಾಳೆಂದು ನಂಬಿ, ನೆಲದಲ್ಲಿ ಕುಣಿ ತೋಡಿ, ಬೇಯಿಸಿದ ಅನ್ನಾಹಾರ, ಕೋಕಾ ಎಲೆಗಳನ್ನಿಟ್ಟು, ಮೆಕ್ಕೆಜೋಳದ ಮದ್ಯವನ್ನು ಸುರಿಯುತ್ತಾರೆ. ಅವರದು ಬಿತ್ತುವ ಮುನ್ನಿನ ನೈವೇದ್ಯ, ನಮ್ಮದು ಬಸಿರಿನ ಬಯಕೆ.

ಸುಗ್ಗಿ ಮುಗಿಯುತ್ತ ಬಂದಂತೆ ಜಾತ್ರೆಗಳು. ಭಾರತ ಹುಣ್ಣಿಮೆಗೆ ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನಲ್ಲಿಗೆ ಮಹಾರಾಷ್ಟ್ರದಿಂದ ಬರುವ ಭಕ್ತರೇ ಬಹಳ. ಊರೆಲ್ಲ ಭಂಡಾರದ ಹಳದಿ. ಚೈತ್ರದ ಹುಣ್ಣಿಮೆಗೆ ಇಲ್ಲಿಯ ಜನ ಕೊಲ್ಲಾಪುರದಾಚೆಯ ಜೋತಿಬಾನ ಗುಡ್ಡಕ್ಕೆ ಹೋಗಿ ಗುಲಾಲಿನಲ್ಲಿ ಕೆಂಪಾಗಿ ಮರಳುತ್ತಾರೆ. ಹೋಗುವುದು, ಬರುವುದು ಇದೇ ಕೊಗನೊಳ್ಳಿಯ ದಾರಿಯಲ್ಲಿ.

ಇಷ್ಟೆಲ್ಲ ಹಬ್ಬಗಳ ನಡುಗಂಬವಾದ ಎತ್ತು ಮಾತ್ರ ಕೊಟ್ಟಿಗೆಗಳಿಂದ ಸದ್ದಿಲ್ಲದೆ ಇಳಿದುಹೋಗುತ್ತಿದೆ. ದೂಧಗಂಗಾ, ವೇದಗಂಗಾ ದಡಗಳಲ್ಲಿ ಕಬ್ಬು ಹಬ್ಬಿತು. ಉಳುಮೆಗೆ ಟ್ರ್ಯಾಕ್ಟರು ಬಂದಿತು. ಜೋಡಿ ಖಿಲಾರಿ ಎತ್ತುಗಳನ್ನು ವರ್ಷಪೂರ್ತಿ ಸಾಕುವ ವೆಚ್ಚಕ್ಕೆ ನಾಲ್ಕು ದಿನದ ಬಾಡಿಗೆ ಟ್ರ್ಯಾಕ್ಟರು ಅಗ್ಗವೆಂದು ರೈತ ಲೆಕ್ಕ ಹಾಕಿದರೆ ಅವನನ್ನು ದೂರುವಂತಿಲ್ಲ. ಎತ್ತಿನ ಗಾಡಿಯ ಓಟಗಳನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ನಿಷೇಧಿಸಿತು. ಕರ್ನಾಟಕ, ಮಹಾರಾಷ್ಟ್ರ ಸರಕಾರಗಳು ತಿದ್ದಿಕೊಂಡ ಕಾನೂನುಗಳನ್ನು 2023ರ ಮೇ 18ರಂದು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಓಟಕ್ಕೆ ಅನುಮತಿ ಮರಳಿತು. ಉಳುಮೆಗೆ ಎತ್ತು ಮರಳಲಿಲ್ಲ. ಚಳಿಗಾಲದಲ್ಲಿ ಈ ಭಾಗದ ರಸ್ತೆಗಳಲ್ಲಿ ಕಬ್ಬು ಹೇರಿಕೊಂಡು ಕಾರಖಾನೆಗೆ ಸಾಗುವ ಎತ್ತಿನ ಗಾಡಿಗಳಲ್ಲಿ ಬಹಳಷ್ಟು ದೂರದ ಬೀಡ ಜಿಲ್ಲೆಯಿಂದ ಕೂಲಿಗೆ ಬಂದವರವು. ಆ ಎತ್ತುಗಳು ಪೋಳಾ ಹಬ್ಬದ ಹೋಳಿಗೆಯನ್ನು ತಮ್ಮೂರಿನಲ್ಲಿ ಉಂಡು ಹೊರಟಿರುತ್ತವೆ. ಇಲ್ಲಿಯ ಕಾರಹುಣ್ಣಿಮೆ ಬರುವುದಕ್ಕೆ ಮೊದಲೇ ಹಿಂದಿರುಗುತ್ತವೆ.

ಮಣ್ಣಿನ ಎತ್ತುಗಳಿಗೆ ಮಾತ್ರ ಇನ್ನೂ ಬೇಡಿಕೆ ಇಳಿದಿಲ್ಲ. ಅಮಾವಾಸ್ಯೆಯ ಮುಂಜಾನೆ ಕುಂಬಾರರು ಬುಟ್ಟಿ ಹೊತ್ತು ಬರುತ್ತಾರೆ. ಕೊಟ್ಟಿಗೆಯಿಲ್ಲದ ಮನೆಯವರೂ, ಬೆಳಗಾವಿಯ ಬಡಾವಣೆಗಳಲ್ಲಿ ನೆಲೆಸಿದವರೂ ಒಂದು ಜೋಡಿ ಕೊಂಡು ಜಗುಲಿಯ ಮೇಲಿಡುತ್ತಾರೆ. ಮರುದಿನ ಹಳ್ಳಿಯ ಹುಡುಗರು ಮಣ್ಣೆತ್ತೊಂದರ ಕಾಲು ಮುರಿದು, ಕುಂಟೆತ್ತು ಬಂದಿದೆಯೆಂದು ಹಾಡುತ್ತ ಮನೆಮನೆಯ ಬಾಗಿಲಿಗೆ ನಿಲ್ಲುತ್ತಾರೆ. ಮೊದಲು ಅವರ ಜೋಳಿಗೆಗೆ ಬೀಳುತ್ತಿದ್ದುದು ಜೋಳ. ಈಗ ಹೆಚ್ಚಾಗಿ ಬೀಳುವುದು ಚಿಲ್ಲರೆ ನಾಣ್ಯ. ಹುಡುಗರು ಅದನ್ನು ಎಣಿಸಿಕೊಂಡು, ಕುಂಟೆತ್ತನ್ನು ಕಂಕುಳಲ್ಲಿ ಅವಚಿ, ಮುಂದಿನ ಮನೆಗೆ ಓಡುತ್ತಾರೆ.