11,400 ನೋಟ, ಎರಡೇ ಕಟ್ಟು ಹಪ್ಪಳ

"ಅಜ್ಜಾ, ಹನ್ನೊಂದು ಸಾವಿರದ ನಾನೂರು!" ಎಂದು ಕೂಗುತ್ತಾ ಮೊಮ್ಮಗಳು ಜಗಲಿಗೆ ಓಡಿ ಬಂದಳು. ನಮ್ಮ ಶಿರಸಿಯ ಕಡೆ ಸಂಜೆ ಹೊತ್ತಿಗೆ ಯಾರಾದರೂ ಹೀಗೆ ಅಂಕಿ ಕೂಗಿದರೆ ಅದು ಅಡಿಕೆ ದರವೇ. ಇಷ್ಟು ಕೆಳಗೆ ಬಿತ್ತೇ ಎಂದು ನನ್ನ ಎದೆ ಧಸಕ್ಕೆಂದಿತು. ಆದರೆ ಅವಳು ಹೇಳಿದ್ದು ಅಡಿಕೆ ದರವನ್ನಲ್ಲ. ಹಲಸಿನ ಹಪ್ಪಳ ಎಣ್ಣೆಯಲ್ಲಿ ಅರಳುವುದನ್ನು ಅವಳು ಹಾಡಿನ ಜೊತೆ ವಿಡಿಯೋ ಮಾಡಿ, ಅಮ್ಮನ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ಹಾಕಿದ್ದಳು. ನಾಲ್ಕು ದಿನದಲ್ಲಿ ಅದಕ್ಕೆ 11,400 ನೋಟ, 640 ಲೈಕ್ ಬಿದ್ದಿದ್ದವು.

"ಸರಿ ಪುಟ್ಟಿ, ಎಷ್ಟು ಕಟ್ಟು ಹೋಯಿತು?" ಎಂದು ಕೇಳಿದೆ.

ಅವಳ ಮುಖ ಸಣ್ಣದಾಯಿತು. "ಎರಡು."

ಒಳಗಡೆ ತಗಡಿನ ಡಬ್ಬಗಳಲ್ಲಿ ಇನ್ನೂ 118 ಕಟ್ಟು ಹಾಗೇ ಕುಳಿತಿತ್ತು.

ಹಪ್ಪಳ ನನ್ನ ತಂಗಿಯದು. ಯಜಮಾನರು ತೀರಿಕೊಂಡ ಮೇಲೆ ಅವಳು ಹಳ್ಳಿಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಪ್ರತಿ ಬೇಸಿಗೆಯಲ್ಲಿ ಬಲಿತ ಹಲಸಿನ ತೊಳೆ ಬೇಯಿಸಿ, ರುಬ್ಬಿ, ಉಪ್ಪು ಖಾರ ಜೀರಿಗೆ ಸೇರಿಸಿ, ಬಾಳೆ ಎಲೆಯ ಮೇಲೆ ತಟ್ಟಿ ಒಣಗಿಸುತ್ತಾಳೆ. ಇಪ್ಪತ್ತೈದು ಹಪ್ಪಳಕ್ಕೆ ಒಂದು ಕಟ್ಟು, ಕಟ್ಟಿಗೆ 150 ರೂಪಾಯಿ. ಇಷ್ಟು ವರ್ಷ ಪೇಟೆಯ ಒಂದು ಅಂಗಡಿಯವರು ಎಲ್ಲವನ್ನೂ ಒಟ್ಟಿಗೇ ಕೊಳ್ಳುತ್ತಿದ್ದರು. ಈ ಸಲ ಅವರು ವ್ಯಾಪಾರವನ್ನೇ ನಿಲ್ಲಿಸಿದರು. ರುಬ್ಬುವ ಯಂತ್ರಕ್ಕೆಂದು ಸ್ವಸಹಾಯ ಸಂಘದಿಂದ ತಂದ ಸಾಲದಲ್ಲಿ ಇನ್ನೂ 12,000 ರೂಪಾಯಿ ಬಾಕಿ ಇತ್ತು. ಅದನ್ನು ಜುಲೈಯೊಳಗೆ ಕಟ್ಟಬೇಕು. ಅವಳು ಕಟ್ಟದಿದ್ದರೆ ಸಂಘದ ಉಳಿದ ಹೆಂಗಸರ ಮುಂದೆ ತಲೆ ತಗ್ಗಿಸಬೇಕು. ಮಳೆಗಾಲ ಬೇರೆ ಹತ್ತಿರ ಬರುತ್ತಿತ್ತು. ಥಂಡಿ ಹಿಡಿದ ಹಪ್ಪಳ ಯಾರಿಗೂ ಬೇಡ.

ನಾನು ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನು. ಬಿ.ಕಾಂ. ಓದಿದ್ದು ದಪ್ಪ ಲೆಡ್ಜರ್ ಬರೆಯುತ್ತಿದ್ದ ಕಾಲದಲ್ಲಿ. ಜಾಹೀರಾತು ಎಂದರೆ ನಮಗೆ ಮೈಕ್ ಕಟ್ಟಿಕೊಂಡು ಬರುವ ಜೀಪು, ಅದರ ಹಿಂದೆ ಕರಪತ್ರಕ್ಕಾಗಿ ಓಡುವ ನಾವು. ಈಗಿನ ಈ ಸೋಷಿಯಲ್ ಮೀಡಿಯಾ ನನಗೆ ಹೊಸದು. ಆದರೆ ಕೌಂಟರಿನ ಆಚೆ ನಿಂತ ಮನುಷ್ಯ ಹೊಸಬನಲ್ಲವಲ್ಲ! ಅವನನ್ನು ನೋಡಿ ನನಗೆ ಅಭ್ಯಾಸವಿತ್ತು. ಮೊಮ್ಮಗಳು ಒಂಬತ್ತನೇ ತರಗತಿ. ಅವಳಿಗೆ ಫೋನು ಗೊತ್ತು, ನನಗೆ ಲೆಕ್ಕ ಗೊತ್ತು. ಇಬ್ಬರೂ ಸೇರಿ ಕುಳಿತೆವು.

ಮೊದಲು ಆ 11,400 ಎಂದರೇನು ಎಂದು ನೋಡಿದೆವು. ವಿಡಿಯೋ ಯಾರದ್ದಾದರೂ ಫೋನಿನಲ್ಲಿ ಓಡಲು ಶುರುವಾದರೆ ಸಾಕು, ಅದು ಒಂದು ನೋಟ. ಜಾತ್ರೆಯಲ್ಲಿ ಅಂಗಡಿಯ ಮುಂದೆ ಹಾದು ಹೋದವರನ್ನೆಲ್ಲ ಗಿರಾಕಿ ಎಂದು ಎಣಿಸಿದ ಹಾಗೆ. ಬರೆದವರಲ್ಲಿ ಹೆಚ್ಚಿನವರು ದೂರದ ಊರಿನವರು. ಒಬ್ಬರು "ಇದು ಯಾವ ಚಿಪ್ಸ್?" ಎಂದು ಹಿಂದಿಯಲ್ಲಿ ಕೇಳಿದ್ದರು. ಮೂವರು ಹಾಡು ಯಾವುದೆಂದು ಕೇಳಿದ್ದರು.

ಲೈಕ್ ಎಂಬುದೂ ಹಾಗೇ. ಫೇಸ್‌ಬುಕ್‌ನಲ್ಲಿ ಆ ಹೆಬ್ಬೆರಳಿನ ಗುಂಡಿ ಬಂದದ್ದು 2009ರಲ್ಲಿ. ಅದಕ್ಕೆ ಮೊದಲು ಮೆಚ್ಚುಗೆ ಹೇಳಬೇಕಿದ್ದರೆ ಎರಡು ಮಾತಾದರೂ ಬರೆಯಬೇಕಿತ್ತು. ಈಗ ಬೆರಳು ತಾಗಿಸಿದರೆ ಮುಗಿಯಿತು. ಖರ್ಚಿಲ್ಲದ ಮೆಚ್ಚುಗೆ ಧಾರಾಳವಾಗಿ ಸಿಗುತ್ತದೆ. ನಾವು ಯಾವುದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇವೋ ಅಂಥದ್ದನ್ನೇ ಹುಡುಕಿ ಮತ್ತೆ ಮತ್ತೆ ತೋರಿಸುವುದು ಈ ಕಂಪನಿಗಳ ಯಂತ್ರದ ಕೆಲಸ. ನಾವು ಹೆಚ್ಚು ಹೊತ್ತು ಕುಳಿತಷ್ಟೂ ಅವರಿಗೆ ಹೆಚ್ಚು ಜಾಹೀರಾತು ತೋರಿಸಲು ಸಿಗುತ್ತದೆ, ಅದೇ ಅವರ ಆದಾಯ. ತಂಗಿಯ ಹಪ್ಪಳ ಖರ್ಚಾಗಬೇಕೆಂಬ ಚಿಂತೆ ಯಂತ್ರಕ್ಕೇನಿದೆ?

ವಿಡಿಯೋದ ಕೆಳಗೆ ತಂಗಿಯ ಫೋನ್ ನಂಬರನ್ನೂ ಹಾಕಿದ್ದೆವು. ರಾತ್ರಿ ಹನ್ನೊಂದಕ್ಕೆ ಯಾರೋ ಅಪರಿಚಿತರು ಕರೆ ಮಾಡಿ ಅವಳನ್ನು ಹೆದರಿಸಿದರು. ಒಂಟಿ ಹೆಂಗಸಿನ ನಂಬರನ್ನು ಊರಿಗೆಲ್ಲ ಹಂಚಿದ್ದು ನಮ್ಮದೇ ತಪ್ಪು. ಅದನ್ನು ತೆಗೆದು, ವ್ಯಾಪಾರಕ್ಕೆಂದೇ ಬೇರೆ ಸಿಮ್ ಹಾಕಿಸಿ, ಫೋನನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡೆವು. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿದ್ದು ಮೊಮ್ಮಗಳು. ಸಣ್ಣ ವ್ಯಾಪಾರಿಗಳಿಗಾಗಿ 2018ರಲ್ಲಿ ಬಂದ ಆ್ಯಪ್ ಅದು. ವಸ್ತುವಿನ ಚಿತ್ರ, ಬೆಲೆ, ಅಂಗಡಿಯ ಸಮಯ ಎಲ್ಲ ಒಂದೇ ಕಡೆ ತೋರಿಸಬಹುದು.

ಆಮೇಲೆ ನಾನೊಂದು ಹಳೆಯ ನೋಟ್ ಪುಸ್ತಕ ತೆಗೆದೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 46 ಜನ. ಒಂದು ವಾರ ಏನನ್ನೂ ಕಳಿಸದೆ ಸುಮ್ಮನೆ ಗಮನಿಸಿ ಬರೆದಿಟ್ಟೆ. ಗುಲಾಬಿ ಹೂವಿನ ಶುಭೋದಯಕ್ಕೆ ಎರಡು ಕೈ ಮುಗಿದ ಚಿತ್ರ, ಅಷ್ಟೇ. ಬೇರೆಲ್ಲಿಂದಲೋ ಬಂದ ಉದ್ದನೆಯ ಉಪದೇಶಕ್ಕೆ ಉತ್ತರವೇ ಇಲ್ಲ. ಆದರೆ ನನ್ನ ತಮ್ಮ 1974ರ ಒಂದು ಮದುವೆಯ ಫೋಟೋ ಹಾಕಿ, "ಮೂರನೇ ಸಾಲಿನಲ್ಲಿ ಅಳುತ್ತಿರುವ ಹುಡುಗ ಯಾರು?" ಎಂದು ಕೇಳಿದ. ಒಂದೇ ಸಂಜೆ 31 ಉತ್ತರ! (ಆ ಹುಡುಗ ಈಗ ದೊಡ್ಡ ಎಂಜಿನಿಯರ್, ಹೆಸರು ಹೇಳುವುದಿಲ್ಲ.) ನಮ್ಮ ವಾರಿಗೆಯವರು ಬೆಳಿಗ್ಗೆ ಆರರಿಂದ ಏಳರವರೆಗೆ ನೋಡುತ್ತಾರೆ. ಕೆಲಸಕ್ಕೆ ಹೋಗುವ ಮಕ್ಕಳು ನೋಡುವುದು ರಾತ್ರಿ ಊಟವಾದ ಮೇಲೆ. ಮಧ್ಯಾಹ್ನ ಕಳಿಸಿದ್ದು ಬೇರೆ ಸಂದೇಶಗಳ ಅಡಿಯಲ್ಲಿ ಹೂತು ಹೋಗುತ್ತದೆ.

ಪುಸ್ತಕ ನೋಡಿ ಮೊಮ್ಮಗಳೇ ಹೇಳಿದಳು: "ಅಜ್ಜ, ಇವರು ಗೊತ್ತಿರುವವರಿಗೆ ಮಾತ್ರ ಉತ್ತರ ಕೊಡುತ್ತಾರೆ. ನನ್ನ ವಿಡಿಯೋದಲ್ಲಿ ಚಿಕ್ಕಜ್ಜಿ ಎಲ್ಲೂ ಇರಲೇ ಇಲ್ಲ."

ಮರುದಿನ ಹಳ್ಳಿಗೆ ಹೋಗಿ, ತಂಗಿಯನ್ನು ಕೇಳಿಯೇ ಒಂದು ಫೋಟೋ ತೆಗೆದೆವು. ಬಾಳೆ ಎಲೆ, ಅದರ ಮೇಲೆ ಹಪ್ಪಳ ತಟ್ಟುತ್ತಿರುವ ಅವಳ ಕೈ. ಕೆಳಗೆ ನಾಲ್ಕೇ ಸಾಲು ಬರೆದೆವು: ಯಾರು ಮಾಡಿದ್ದು, ಏನೇನು ಹಾಕಿದ್ದು, ಒಂದು ಕಟ್ಟಿಗೆ ಎಷ್ಟು, ಎಷ್ಟು ಕಟ್ಟು ಉಳಿದಿದೆ. ಕೊನೆಗೊಂದು ಪ್ರಶ್ನೆ: "ನಿಮ್ಮ ಮನೆಯಲ್ಲಿ ಮಳೆಗಾಲದ ಹಪ್ಪಳವನ್ನು ಯಾರು ಸುಡುತ್ತಿದ್ದರು?" ರಾತ್ರಿ ಎಂಟೂವರೆಗೆ ಕಳಿಸಿದೆವು. ಮೊದಲು ಬಂದದ್ದು ಆರ್ಡರ್ ಅಲ್ಲ, ನೆನಪುಗಳು. ಕೆಂಡದ ಮೇಲೆ ಸುಟ್ಟದ್ದು, ಕಾಯಿ ಚೂರಿನ ಜೊತೆ ತಿಂದದ್ದು, ಒಣಗಲು ಹಾಕಿದ್ದನ್ನೇ ಕದ್ದದ್ದು. ಅದರ ಹಿಂದೆಯೇ ಆರ್ಡರೂ ಬಂತು. ಮೂರು ದಿನದಲ್ಲಿ 17 ಮನೆಗಳಿಂದ 38 ಕಟ್ಟು. ನಮ್ಮ ಬ್ಯಾಂಕ್ ಪಿಂಚಣಿದಾರರ ಗುಂಪಿನಿಂದ ಇನ್ನೂ 26.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನಗೆ ಆಸೆ ಹತ್ತಿತು.

ಹಲಸು ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ ಎಂಬ ಸಂದೇಶವೊಂದು ಎಲ್ಲಿಂದಲೋ ಬಂದಿತ್ತು. ಯಾರು ಬರೆದದ್ದೆಂದು ವಿಚಾರಿಸದೆ ಅದನ್ನು ನಮ್ಮ ನಾಲ್ಕು ಸಾಲಿನ ಕೆಳಗೆ ಸೇರಿಸಿ ಕಳಿಸಿಬಿಟ್ಟೆ. ಅದು ಗುಂಪಿನಿಂದ ಗುಂಪಿಗೆ ಹಾರಿತು. ಒಂದೇ ರಾತ್ರಿಯಲ್ಲಿ ಪರಿಚಯವೇ ಇಲ್ಲದವರಿಂದ 21 ಕಟ್ಟಿಗೆ ಆರ್ಡರ್. ನಾನು ಬೀಗಿದೆ. ಬೆಳಿಗ್ಗೆ ಒಬ್ಬ ಹಿರಿಯರು ಫೋನ್ ಮಾಡಿ ಬಹಳ ವಿನಯದಿಂದ ಕೇಳಿದರು: "ದಿನಕ್ಕೆ ಎಷ್ಟು ಹಪ್ಪಳ ತಿನ್ನಬೇಕು ಸ್ವಾಮಿ? ಮಾತ್ರೆ ಇವತ್ತಿನಿಂದಲೇ ನಿಲ್ಲಿಸಬಹುದೇ?"

ನನ್ನ ಕೈ ನಡುಗಿತು. "ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ, ನಾನು ಬರೆದದ್ದು ತಪ್ಪು, ವೈದ್ಯರನ್ನೇ ಕೇಳಿ" ಎಂದು ಮೂರು ಸಲ ಹೇಳಿದೆ. ಮಧುಮೇಹ ಗುಣವಾಗುತ್ತದೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾನೂನೊಂದು ನಿಷೇಧಿಸಿದೆ ಎಂಬುದು ಆಮೇಲೆ ತಿಳಿಯಿತು. ಆದರೆ ಕಾನೂನಿಗಿಂತ ಹೆಚ್ಚಾಗಿ ನಾಚಿಕೆ ತಂದದ್ದು ತಂಗಿಯ ಮಾತು. "ಅಣ್ಣ, ನನ್ನ ಹಪ್ಪಳದಲ್ಲಿ ಉಪ್ಪು ಖಾರ ಸರಿಯಾಗೇ ಇದೆ. ಅದಕ್ಕೆ ಸುಳ್ಳು ಬೇರೆ ಯಾಕೆ ಹಾಕಿದೆ?"

ಕಳಿಸಿದ್ದನ್ನು ಅಳಿಸಿದೆ. ಆದರೆ ನನ್ನದಷ್ಟೇ ಅಳಿಯಿತು. ಬೇರೆಯವರು ಮುಂದಕ್ಕೆ ಕಳಿಸಿದ್ದು ಹಾಗೇ ಉಳಿಯಿತು. ಬ್ಯಾಂಕಿನಲ್ಲಿ ತಪ್ಪು ನಮೂದು ಬಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕುತ್ತಿದ್ದೆವು. ಇಲ್ಲಿ ಆ ಪುಟವೇ ನಮ್ಮ ಕೈಯಲ್ಲಿಲ್ಲ. ಇಂಥ ಗಾಳಿಮಾತು ಹಬ್ಬಿ ನಮ್ಮ ದೇಶದಲ್ಲಿ ಜನರ ಪ್ರಾಣವೇ ಹೋದ ಮೇಲೆ, ವಾಟ್ಸಾಪ್ 2018ರಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಮುಂದಕ್ಕೆ ಕಳಿಸಬಹುದೆಂದು ಮಿತಿ ಹಾಕಿತು. ಮುಂದಕ್ಕೆ ಕಳಿಸಿದ್ದು ಎಂಬ ಗುರುತು ಬಂದದ್ದೂ ಆ ವರ್ಷವೇ. ಮಕ್ಕಳೇ, ಆ ಗುರುತು ಕಂಡರೆ ಒಂದು ನಿಮಿಷ ತಡೆಯಿರಿ. ಬರೆದವರು ಯಾರೆಂದು ಕಳಿಸಿದವರಿಗೂ ಗೊತ್ತಿರುವುದಿಲ್ಲ.

ಆರ್ಡರ್ ಕೊಟ್ಟ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಬರೆದೆ: "ಇದು ಔಷಧವಲ್ಲ, ಹಪ್ಪಳ. ತಪ್ಪಾಯಿತು. ಬೇಡವಾದರೆ ಹಣ ಈಗಲೇ ವಾಪಸ್." 13 ಕಟ್ಟಿನ ಹಣ ವಾಪಸ್ ಹೋಯಿತು. ಎಂಟು ಕಟ್ಟಿನವರು, "ನಿಜ ಹೇಳಿದ್ದಕ್ಕೆ ಸಂತೋಷ, ಹಪ್ಪಳವನ್ನೇ ಕಳಿಸಿ" ಎಂದರು. ಮಾತ್ರೆಯ ಬಗ್ಗೆ ಕೇಳಿದ ಹಿರಿಯರೂ ಆ ಎಂಟರಲ್ಲಿ ಒಬ್ಬರು.

ಇನ್ನೊಂದು ಪೆಟ್ಟು ತಪ್ಪಿಸಿದವಳು ಮೊಮ್ಮಗಳು. ಒಬ್ಬ "ಗಿರಾಕಿ" ಐವತ್ತು ಕಟ್ಟು ಬೇಕೆಂದು ಹೇಳಿ, ಒಂದು ಕ್ಯೂಆರ್ ಚಿತ್ರ ಕಳಿಸಿದ. "ಇದನ್ನು ಸ್ಕ್ಯಾನ್ ಮಾಡಿ ನಿಮ್ಮ ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬರುತ್ತದೆ" ಎಂದ. ಐವತ್ತು ಎಂದ ಕೂಡಲೇ ನನ್ನ ಬುದ್ಧಿ ಮಂಕಾಗಿತ್ತು. ಅವಳು ಫೋನು ಕಸಿದುಕೊಂಡು, "ಅಜ್ಜ, ಹಣ ಬರಲು ಪಿನ್ ಯಾಕೆ?" ಎಂದಳು. ನಿಜ. ಯುಪಿಐಯಲ್ಲಿ ಪಿನ್ ಹಾಕುವುದು ಹಣ ಕೊಡಲು, ಪಡೆಯಲು ಅಲ್ಲ. ಇಂಥ ವಂಚನೆಗೆ ಸಿಕ್ಕಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಬ್ಯಾಂಕಿನಲ್ಲಿ ಅಷ್ಟು ವರ್ಷ ಕುಳಿತವನಿಗೆ ಇದನ್ನು ಹೇಳಿಕೊಟ್ಟವಳು ಒಂಬತ್ತನೇ ತರಗತಿಯ ಹುಡುಗಿ!

ಮುಂದಿನ ಗಿರಾಕಿಗಳು ಸಿಕ್ಕಿದ್ದು ಒಂದು ನಷ್ಟದಿಂದ. ಬೆಂಗಳೂರಿಗೆ ಅಂಚೆಯಲ್ಲಿ ಕಳಿಸಿದ ಎರಡು ಕಟ್ಟು ದಾರಿಯಲ್ಲಿ ಪುಡಿಯಾಯಿತು. ಅಲ್ಲಿದ್ದ ಗೃಹಿಣಿ ಪುಡಿಯ ಚಿತ್ರವನ್ನು ಪಿಂಚಣಿದಾರರ ಗುಂಪಿನಲ್ಲೇ, ಎಲ್ಲರ ಎದುರಿಗೆ ಹಾಕಿದರು. ಮೊದಲು ನನಗೆ ಸಿಟ್ಟು ಬಂತು, ನನಗೊಬ್ಬನಿಗೇ ಹೇಳಬಾರದಿತ್ತೇ ಎಂದು. ಆದರೆ ಕೌಂಟರಿನಲ್ಲಿ ಕಲಿತ ಪಾಠ ನೆನಪಾಯಿತು: ಹತ್ತು ಜನರ ಮುಂದೆ ಒಬ್ಬ ದೂರಿದರೆ, ಉಳಿದ ಒಂಬತ್ತು ಜನ ನಮ್ಮ ಉತ್ತರಕ್ಕೆ ಕಾಯುತ್ತಿರುತ್ತಾರೆ. ಅಲ್ಲೇ, ಎಲ್ಲರ ಎದುರಿಗೇ ಕ್ಷಮೆ ಕೇಳಿ, ಈ ಸಲ ಗಟ್ಟಿ ರಟ್ಟಿನ ನಡುವೆ ಕಟ್ಟಿ ಬೇರೆ ಎರಡು ಕಟ್ಟು ಕಳಿಸಿದೆವು. ವಾರದ ಮೇಲೆ ಅವರು ತಟ್ಟೆ ತುಂಬಾ ಅರಳಿದ ಹಪ್ಪಳದ ಚಿತ್ರ ಹಾಕಿ, ಎರಡು ಒಳ್ಳೆಯ ಮಾತು ಬರೆದರು. ಅವರ ಅಪಾರ್ಟ್‌ಮೆಂಟಿನಿಂದಲೇ 18 ಕಟ್ಟಿಗೆ ಬೇಡಿಕೆ ಬಂತು. ನಮ್ಮ ಬಗ್ಗೆ ನಾವು ಬರೆದ ಯಾವ ಮಾತಿಗೂ ಅಷ್ಟು ತೂಕ ಬಂದಿರಲಿಲ್ಲ.

ದೊಡ್ಡ ಕಂಪನಿಗಳಿಗೂ ಇದು ಗೊತ್ತು. ಅದಕ್ಕೇ ಅವರು ಜನಪ್ರಿಯರಾದವರಿಗೆ ಹಣ ಕೊಟ್ಟು, ಗೆಳೆಯರು ಹೇಳಿದ ಹಾಗೆ ಹೇಳಿಸುತ್ತಾರೆ. ಹಾಗೆ ಹಣ ಪಡೆದು ಹೇಳುವವರು ಅದನ್ನು ಜಾಹೀರಾತು ಎಂದು ಸ್ಪಷ್ಟವಾಗಿ ತೋರಿಸಬೇಕೆಂದು ನಮ್ಮ ದೇಶದ ಜಾಹೀರಾತು ಮಾನಕ ಮಂಡಳಿ 2021ರಲ್ಲಿ ನಿಯಮ ಮಾಡಿದೆ. ನಿಮ್ಮ ಮೆಚ್ಚಿನ ಯಾರಾದರೂ ಶಾಂಪೂ, ಚಾಕೊಲೇಟು, ಆಟದ ಆ್ಯಪ್ ಹೊಗಳುತ್ತಿದ್ದರೆ ಆ ಗುರುತು ಇದೆಯೇ ಎಂದು ಹುಡುಕಿ ನೋಡಿ.

ಜೂನ್ ಕೊನೆಗೆ ನಮ್ಮ ನೋಟ್ ಪುಸ್ತಕದ ಲೆಕ್ಕ ಹೀಗಿತ್ತು. ವಿಡಿಯೋದಿಂದ 2 ಕಟ್ಟು, ಕುಟುಂಬದಿಂದ 38, ಪಿಂಚಣಿದಾರರಿಂದ 26, ಕ್ಷಮೆ ಕೇಳಿದ ಮೇಲೂ ಉಳಿದವರಿಂದ 8, ಬೆಂಗಳೂರಿನ ಅಪಾರ್ಟ್‌ಮೆಂಟಿನಿಂದ 18, ಅಕ್ಕಪಕ್ಕದವರಿಂದ 12. ಒಟ್ಟು 104 ಕಟ್ಟು, 15,600 ರೂಪಾಯಿ. ಪುಡಿಯಾದದ್ದಕ್ಕೆ ಬದಲಾಗಿ ಕೊಟ್ಟದ್ದು 2. ಉಳಿದದ್ದು 14, ಅದನ್ನು ಈ ಮಳೆಗಾಲದಲ್ಲಿ ನಾವೇ ಸುಟ್ಟು ತಿನ್ನುತ್ತಿದ್ದೇವೆ. ಸಂಘದ 12,000 ರೂಪಾಯಿಯನ್ನು ತಂಗಿ ಗಡುವಿಗೆ ಮೊದಲೇ ಕಟ್ಟಿ, ರಶೀದಿಯನ್ನು ನನಗೆ ತಂದು ತೋರಿಸಿದಳು. ಮುಂದಿನ ಬೇಸಿಗೆಗೆ ಮೊದಲು ಅವಳ ಹೆಸರಿನಲ್ಲಿ ಆಹಾರ ಸುರಕ್ಷತಾ ನೋಂದಣಿ ಮಾಡಿಸುವ ಕೆಲಸ ನನ್ನದು. ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ಮಾರುವ ವಸ್ತು ಏನಾದರೂ ಇರಬಹುದು. ಉಪ್ಪಿನಕಾಯಿ, ಹೂವಿನ ಗಿಡ, ಕಸೂತಿ, ಏನಾದರೂ ಸರಿ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ವಾರ ಸುಮ್ಮನೆ ಗಮನಿಸಿ ಬರೆದಿಡಿ. ಯಾರು ಯಾವಾಗ ನೋಡುತ್ತಾರೆ, ಯಾವುದಕ್ಕೆ ಉತ್ತರ ಬರೆಯುತ್ತಾರೆ ಎಂದು. ಅದಕ್ಕೆ ಬೇಕಾದದ್ದು ಒಂದು ಪೆನ್ನು, ಒಂದು ಪುಸ್ತಕ. ಏನೇ ಬರೆದರೂ ಕಳಿಸುವ ಮೊದಲು, ಆ ವಸ್ತು ಮಾಡಿದವರಿಗೆ ಒಮ್ಮೆ ಓದಿ ಹೇಳಿ.

ಈಗ ನಾನು ಹಾಗೆಯೇ ಮಾಡುತ್ತೇನೆ. ನನ್ನ ಸಂದೇಶಕ್ಕೆ ತಂಗಿಯ ಒಪ್ಪಿಗೆ ಬೇಕು. ಮೊನ್ನೆ "ಜಗತ್ತಿನಲ್ಲೇ ರುಚಿಯಾದ ಹಪ್ಪಳ" ಎಂದು ಬರೆದು ಓದಿದೆ. ಅವಳು, "ಜಗತ್ತನ್ನು ನಾನು ನೋಡಿಲ್ಲ ಅಣ್ಣ, ತೆಗೆದು ಹಾಕು" ಎಂದಳು. ತೆಗೆದೆ.