ಅಪ್ಪನ ಭುಜ ನೋಡಿ ಕೊಡಲಿ ಆರಿಸಿ

ಮಲೆನಾಡಿನ ಮನೆಗಳಿಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಅಡುಗೆ ಅದರಲ್ಲೇ ಆಗುತ್ತದೆ. ಆದರೆ ಬಚ್ಚಲೊಲೆ ಇನ್ನೂ ಸೌದೆಯನ್ನೇ ಕೇಳುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮೂರಲ್ಲಿ ಮಳೆ ಹಿಡಿಯುವ ಮುಂಚೆ ಬಚ್ಚಲಿಗೆ ಬೇಕಾದಷ್ಟು ಸೌದೆ ಒಟ್ಟಿಡಬೇಕು. ಅಡಿಕೆ ಕೊಯ್ಲು ಶುರುವಾದರೆ ಬೇಯಿಸುವ ಹಂಡೆಗೆ ಬೇರೆಯೇ ರಾಶಿ ಬೇಕು. ಕೆಂಪಡಿಕೆ ಮಾಡುವವರಿಗೆ ಸುಲಿದ ಹಸಿ ಅಡಿಕೆ ಬೇಯಿಸದೆ ದಾರಿಯಿಲ್ಲ.

ಇಷ್ಟು ಸೌದೆ ಒಡೆಯುವವರು ಯಾರು? ಮೊದಲೆಲ್ಲ ಬೇಸಿಗೆಯಲ್ಲಿ ಇಬ್ಬರು ಆಳು ಬಂದು ವಾರದಲ್ಲಿ ಮುಗಿಸುತ್ತಿದ್ದರು. ಅವರಿಗೆ ವಯಸ್ಸಾಯಿತು. ಅವರ ಮಕ್ಕಳು ಬೆಂಗಳೂರು ಸೇರಿದರು, ನಾನು ಹೈದರಾಬಾದಿಗೆ ಬಂದೆ. ಉಳಿದವರು ಅರವತ್ತೆಂಟರ ಅಪ್ಪ. ಕಳೆದ ವರ್ಷ ಒಂದು ದಿನ ಅಮ್ಮ ಫೋನಿನಲ್ಲಿ, "ನಿನ್ನಪ್ಪಂಗೆ ಬಲಗೈ ಮೇಲೆತ್ತಕ್ಕೆ ಆಗ್ತಿಲ್ಲ, ಅಂಗಿ ನಾನೇ ಹಾಕಿಸ್ಬೇಕು. ಆದ್ರೂ ಬೆಳಿಗ್ಗೆ ಎದ್ರೆ ಕೊಡಲಿ ಹಿಡ್ಕಂಡು ಹೋಗ್ತಾರೆ" ಎಂದರು. ಅಪ್ಪನನ್ನು ಕೇಳಿದರೆ, "ಮೊಂಡಾಗಿರೋದು ಕೊಡಲಿ ಮಾರಾಯ, ಭುಜ ಅಲ್ಲ" ಎಂಬ ಉತ್ತರ.

ಬೇಡ ಎಂದರೆ ಕೇಳುವವರಲ್ಲ. ಒಡೆಯುವುದೇ ಹೌದಾದರೆ ಯಾವುದರಲ್ಲಿ ಒಡೆದರೆ ಭುಜ ಉಳಿಯುತ್ತದೆ ಎಂದು ಹುಡುಕುವುದಷ್ಟೇ ನನಗೆ ಉಳಿದ ಕೆಲಸ.

ನಾನಿರುವ ಅಮೀರ್‌ಪೇಟ್‌ನಲ್ಲಿ ಹೆಜ್ಜೆಗೊಂದು ಸಾಫ್ಟ್‌ವೇರ್ ತರಬೇತಿ ಕೇಂದ್ರ. ಮೈತ್ರಿವನದ ಸುತ್ತ ಗೋಡೆ ಕಾಣದಷ್ಟು ಕೋರ್ಸುಗಳ ಬೋರ್ಡು. ಇಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ: ದುಡ್ಡು ಕಟ್ಟುವ ಮುಂಚೆ ಡೆಮೊ ಕ್ಲಾಸು. ಕೊಡಲಿಗೂ ಅದೇ ನಿಯಮ ಹಾಕಿಕೊಂಡೆ. ಆನ್‌ಲೈನಿನಲ್ಲಿ ಫೋಟೊ ನೋಡಿ ತರಿಸುವುದಲ್ಲ, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು. ಇಲ್ಲಿಂದ ಮೆಟ್ರೊ ನೀಲಿ ಮಾರ್ಗದಲ್ಲಿ ನಾಲ್ಕನೇ ನಿಲ್ದಾಣ ಪ್ಯಾರಡೈಸ್. ಅಲ್ಲಿಂದ ಆಟೊದಲ್ಲಿ ರಾಣಿಗಂಜ್, ಹಾರ್ಡ್‌ವೇರ್ ಮತ್ತು ಯಂತ್ರಗಳ ಪೇಟೆ. ಭಾಷೆ ತೊಡಕಾಗಲಿಲ್ಲ. ತೆಲುಗಿನವರ ಗೊಡ್ಡಲಿ ನಮ್ಮ ಕೊಡಲಿಯೇ. ಕಾವಿಗೆ ಅವರು 'ಪಿಡಿ' ಎನ್ನುತ್ತಾರೆ. ಹಳಗನ್ನಡದ ಪಿಡಿ ನಮ್ಮಲ್ಲಿ ಹಿಡಿ ಆಯಿತು, ಅವರಲ್ಲಿ ಹಾಗೇ ಉಳಿಯಿತು.

ಕೊಳ್ಳುವ ಮುಂಚೆ ತಿಳಿದಿರಬೇಕಾದ ಮೊದಲ ಸಂಗತಿ, ಕಡಿಯುವುದು ಬೇರೆ, ಸೀಳುವುದು ಬೇರೆ. ಮರ ಕಡಿಯುವ ಕೊಡಲಿಯ ಅಲಗು ತೆಳ್ಳಗಿರುತ್ತದೆ, ಏಕೆಂದರೆ ಅದು ನಾರನ್ನು ಅಡ್ಡ ಕತ್ತರಿಸಬೇಕು. ಅದನ್ನೇ ಕುಂಟೆಗೆ ಹೊಡೆದರೆ ಒಳಗೆ ಕಚ್ಚಿಕೊಳ್ಳುತ್ತದೆ. ಅದನ್ನು ಕೀಳಲು ಜಗ್ಗುವಾಗ ಭುಜಕ್ಕೆ ಬೀಳುವ ಪೆಟ್ಟು ಹೊಡೆಯುವಾಗಿನದಕ್ಕಿಂತ ಹೆಚ್ಚು. ಸೀಳಲು ಬೇಕಾದದ್ದು ದಪ್ಪ ಕೆನ್ನೆಯ, ಬೆಣೆಯಂಥ ತಲೆ. ಅದು ನಾರನ್ನು ಕತ್ತರಿಸುವುದಿಲ್ಲ, ಎರಡು ಪಕ್ಕಕ್ಕೆ ತಳ್ಳುತ್ತದೆ. ಇದಕ್ಕೆ ಸ್ಪ್ಲಿಟಿಂಗ್ ಮಾಲ್ ಎಂದು ಹೆಸರು. ಮಾಲ್ ಎಂದರೆ ಸಿನಿಮಾ ನೋಡುವ ಜಾಗ ಎಂದುಕೊಂಡ ನಮ್ಮಂಥವರಿಗೆ ಇದು ಹೊಸ ಅರ್ಥ.

ಎರಡನೆಯದು ತೂಕ. ಮಾಲ್‌ಗಳು ಸಾಮಾನ್ಯವಾಗಿ 2.5ರಿಂದ 3.6 ಕೆ.ಜಿ.ವರೆಗೆ ಇರುತ್ತವೆ. ಭಾರ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳಿದರು. ಲೆಕ್ಕ ಹಾಗಿಲ್ಲ. ಹೊಡೆತದ ಶಕ್ತಿ ತೂಕ ದುಪ್ಪಟ್ಟಾದರೆ ದುಪ್ಪಟ್ಟು, ವೇಗ ದುಪ್ಪಟ್ಟಾದರೆ ನಾಲ್ಕು ಪಟ್ಟು. ಭಾರದಿಂದಾಗಿ ಬೀಸುವ ವೇಗ ಶೇ 20ರಷ್ಟು ಇಳಿದರೆ ಸಾಕು, 3.6 ಕೆ.ಜಿ.ಯ ಪೆಟ್ಟು 2.5 ಕೆ.ಜಿ.ಯದಕ್ಕಿಂತ ದುರ್ಬಲವಾಗುತ್ತದೆ. ಅದನ್ನು ಪ್ರತಿಸಲ ಎತ್ತುವ ಶ್ರಮ ಮಾತ್ರ ಪೂರ್ತಿ ಇರುತ್ತದೆ. ಇಪ್ಪತ್ತೈದರ ಹುಡುಗನಿಗೆ ಸರಿಯಾದದ್ದು ಅರವತ್ತೆಂಟರವರಿಗೆ ಸರಿಯಲ್ಲ.

ಮೂರನೆಯದು ಬೆಣೆ ಮತ್ತು ಸುತ್ತಿಗೆ. ಭುಜ ನೋವಿರುವವರಿಗೆ ನನ್ನ ಮೊದಲ ಆಯ್ಕೆ ಇದೇ. ಬೆಣೆಗೆ ಹೊಡೆಯಲು ಸುತ್ತಿಗೆಯನ್ನು ತಲೆ ಮೇಲೆತ್ತಬೇಕಿಲ್ಲ, ಎದೆಮಟ್ಟ ಸಾಕು. ಕೆಲಸ ನಿಧಾನ, ಗುರಿ ತಪ್ಪುವುದು ಕಡಿಮೆ. ಬೆಣೆ ಎರಡಿರಲಿ, ಒಂದು ಸಿಕ್ಕಿಕೊಂಡರೆ ಇನ್ನೊಂದರಿಂದ ಬಿಡಿಸಬಹುದು. ಕೊಡಲಿಯ ಹಿಂಬದಿಯಿಂದ ಬೆಣೆಗೆ ಹೊಡೆಯುವ ಅಭ್ಯಾಸ ಊರಲ್ಲಿ ಇದೆ. ಕಾವು ಕೂರುವ ಜಾಗ ಬಿರುಕು ಬಿಡುವುದು ಇದರಿಂದಲೇ. ಹೊಡೆತ ತಿಂದು ಬೆಣೆಯ ತಲೆ ಅಣಬೆಯಂತೆ ಅರಳಿದ್ದರೆ ಉಜ್ಜಿಸಿಯೇ ಬಳಸಬೇಕು. ಆ ಅಂಚಿನ ಚೂರು ಹಾರಿ ಕಣ್ಣಿಗೆ ಬೀಳುತ್ತದೆ.

ಯಂತ್ರ ಯಾಕಲ್ಲ ಎಂದು ಸಹೋದ್ಯೋಗಿಗಳು ಕೇಳಿದರು. ಯಂತ್ರದಲ್ಲಿ ಎರಡು ಬಗೆ ನೋಡಿದೆ. ಒಂದು, ತಿರುಗುವ ಸ್ಕ್ರೂ ಮೊನೆಗೆ ಕುಂಟೆ ಒತ್ತುವುದು. ಅಗ್ಗವೇನೋ ಹೌದು. ಆದರೆ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ ಕೆಲಸ ಮಾಡುವ ಮನುಷ್ಯನ ಮುಂದೆ ತೆರೆದು ತಿರುಗುವ ಸ್ಕ್ರೂ ಇಡುವುದು ಬೇಡ. ಬಟ್ಟೆ ಸುತ್ತಿಕೊಂಡರೆ ಸ್ವಿಚ್ ಆರಿಸಲು ಕೈ ಸಿಗುವುದಿಲ್ಲ. ಇನ್ನೊಂದು ಹೈಡ್ರಾಲಿಕ್. ಎರಡೂ ಕೈ ಹಿಡಿಕೆಯ ಮೇಲಿದ್ದರಷ್ಟೇ ಓಡುವಂಥದ್ದಾದರೆ ಬೆರಳಿಗೆ ಅಪಾಯ ಕಡಿಮೆ. ಆದರೆ ನಮ್ಮ ಮನೆಗೆ ಬರುವುದು ಸಿಂಗಲ್ ಫೇಸ್, ಅದೂ ವೋಲ್ಟೇಜ್ ಇಲ್ಲದ್ದು. ಆಯಿಲ್ ಸೋರಿದರೆ ರಿಪೇರಿಗೆ ಕಳಿಸುವುದೆಲ್ಲಿಗೆ? ದೊಡ್ಡ ಕುಂಟೆಗಳಿಗೆ ಟ್ರ್ಯಾಕ್ಟರಿಗೆ ಜೋಡಿಸಿದ ಯಂತ್ರ ನಮ್ಮ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬರುತ್ತದೆ. ವರ್ಷಕ್ಕೊಮ್ಮೆ ಅದನ್ನು ಕರೆಸುವುದು ಎಂದು ಅಪ್ಪನನ್ನು ಒಪ್ಪಿಸಿದ್ದಾಯಿತು.

ಕೊನೆಗೆ ಊರಿಗೆ ಹೋದದ್ದು 2.5 ಕೆ.ಜಿ.ಯ ಮಾಲ್, ಎರಡು ಬೆಣೆ, ಒಂದು ಸುತ್ತಿಗೆ, ಕನ್ನಡಕ, ಗಟ್ಟಿ ಬೂಟು. ಕಾವು ಮರದ್ದೇ ಇರಲಿ ಎಂದೆ. ಫೈಬರ್ ಕಾವು ಬೇಸಿಗೆಯಲ್ಲಿ ಸಡಿಲವಾಗದು ನಿಜ, ಆದರೆ ಮುರಿದರೆ ಊರಲ್ಲಿ ಬೇರೆ ಸಿಗದು. ಮರದ್ದಾದರೆ ಅಪ್ಪನೇ ಕೆತ್ತಿ ಕೂರಿಸುತ್ತಾರೆ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎನ್ನುತ್ತಾರೆ. ಸಡಿಲ ಕಾವು ಎದುರಿಗೆ ನಿಂತವರಿಗೂ ಮೃತ್ಯುವೇ. ಹಾಗಾಗಿ ದಿನಾ ಅಲುಗಾಡಿಸಿ ನೋಡಿಯೇ ಶುರುಮಾಡಬೇಕು.

ದುಡ್ಡಿಲ್ಲದೆ ಸಿಕ್ಕ ಉಪಕರಣ ಹಳೆಯ ಟೈರು. ಕುಂಟೆಯನ್ನು ಅದರೊಳಗೆ ನಿಲ್ಲಿಸಿ ಒಡೆದರೆ ಚಕ್ಕೆಗಳು ಚೆಲ್ಲುವುದಿಲ್ಲ. ಪ್ರತಿ ಹೊಡೆತಕ್ಕೂ ಬಗ್ಗಿ ಎತ್ತಿ ನಿಲ್ಲಿಸುವ ಕೆಲಸ ತಪ್ಪಿತು, ಸೊಂಟಕ್ಕೆ ಆರಾಮ. ದಪ್ಪ ಕುಂಟೆಯ ನಡುವಿಗೆ ಹೊಡೆಯದೆ ಅಂಚಿನಿಂದ ಚಕ್ಕೆ ಬಿಡಿಸುತ್ತ ಬರಬೇಕು. ಗಂಟಿರುವುದನ್ನು ಬಾಡಿಗೆ ಯಂತ್ರಕ್ಕೆ ಬಿಡಬೇಕು. ಒಣಗಿ ಕಲ್ಲಾಗುವ ಮುಂಚೆ, ಹಸಿಯಿರುವಾಗಲೇ ಸೀಳಿದರೆ ಹೆಚ್ಚಿನ ಮರಗಳು ಸುಲಭ. ಸೀಳಿದ್ದು ಬೇಗ ಒಣಗುತ್ತದೆ ಕೂಡ. ಹಸಿ ಸೌದೆಯ ಬೆಂಕಿ ಮೊದಲು ತನ್ನೊಳಗಿನ ನೀರನ್ನೇ ಕಾಯಿಸುತ್ತದೆ, ಹಂಡೆಯ ನೀರು ಆಮೇಲೆ.

ಒಡೆಯಬೇಕಾದ ಸೌದೆಯನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ 'ಅಸ್ತ್ರ' ಕೇಂದ್ರದಿಂದ ಬಂದದ್ದೇ ಅಸ್ತ್ರ ಒಲೆ. ಮುಚ್ಚಿದ ಉರಿಗೂಡು, ಕೆಳಗೆ ಗಾಳಿಗೆ ಜಾಲರಿ, ಮೇಲೆ ಹೊಗೆಗೊಳವೆ. ಬಚ್ಚಲೊಲೆಗೂ ಇದೇ ತತ್ವ ಸಲ್ಲುತ್ತದೆ. ಬಾಯಿ ತೆರೆದ ಹಳೆಯ ಒಲೆಯಲ್ಲಿ ಉರಿಯ ಬಹುಪಾಲು ಗಾಳಿಗೇ ಹೋಗುತ್ತದೆ. ನಮ್ಮ ಮನೆಯಲ್ಲಿ ಮುಂದಿನ ಖರ್ಚು ಇದಕ್ಕೆ.

ಈಗ ಅಪ್ಪ ಬೆಳಿಗ್ಗೆ ಅರ್ಧ ಗಂಟೆ ಮಾತ್ರ ಒಡೆಯುತ್ತಾರೆ. ಭುಜ ಪೂರ್ತಿ ವಾಸಿಯಾಗಿಲ್ಲ, ಅಂಗಿ ಮಾತ್ರ ತಾವೇ ಹಾಕಿಕೊಳ್ಳುತ್ತಾರೆ.

ದೂರದಲ್ಲಿರುವ ನಾವು ಊರಿಗೆ ಏನಾದರೂ ಕಳಿಸುವಾಗ ಅತಿ ದೊಡ್ಡದನ್ನು, ಅತಿ ಹೊಸದನ್ನು ಕಳಿಸುತ್ತೇವೆ. ಕೊಡಲಿಯ ವಿಷಯದಲ್ಲಿ ಮೊದಲು ಇಷ್ಟು ಕೇಳಿ: ಯಾರು ಬಳಸುತ್ತಾರೆ, ಕೈ ಎಷ್ಟೆತ್ತರ ಏಳುತ್ತದೆ, ಯಾವ ಮರ, ಕೆಟ್ಟರೆ ಸರಿಮಾಡುವವರು ಹತ್ತಿರ ಇದ್ದಾರೆಯೇ, ಒಡೆಯುವಾಗ ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರು ಇರುತ್ತಾರೆಯೇ. ಅಪ್ಪನನ್ನು ಕೇಳಿದ ಮೇಲೆ ಇದೇ ಪ್ರಶ್ನೆಗಳನ್ನು ಅಮ್ಮನಿಗೂ ಬೇರೆಯಾಗಿ ಕೇಳಿ.