ಎದೆ ಮೇಲಿನ ಕಟೌಟ್!

ಹತ್ತಡಿ ದೂರದಿಂದ ಗುರುತು ಹತ್ತಬೇಕು, ಹತ್ತು ಸಲ ಒಗೆದರೂ ನಗು ಮಾಸಬಾರದು... ಟೀ ಶರ್ಟಿನ ಚಿತ್ರಗಳ ಬಗ್ಗೆ ಒಂದಿಷ್ಟು ಹರಟೆ, ಒಂದಿಷ್ಟು ಹಕೀಕತ್ತು.

ಕಟೌಟ್ ಅಂದರೆ ಚಿತ್ರಮಂದಿರದ ಮುಂದೆ ನಿಲ್ಲಿಸೋದು ಅಂತಿದ್ದ ಕಾಲ ಹೋಯ್ತು ಸ್ವಾಮಿ! ಈಗ ಕಟೌಟಿಗೆ ಕಾಲು ಬಂದಿದೆ. ತೊಂಡೇಬಾವಿ ಸ್ಟೇಷನ್ನಿನಲ್ಲಿ ಬೆಂಗಳೂರು ಗಾಡಿಗೆ ಕಾದು ನಿಂತ ಹುಡುಗರ ಎದೆಗಳನ್ನೇ ನೋಡಿ. ಒಬ್ಬನ ಎದೆಯಲ್ಲಿ ಅಪ್ಪು ನಗುತ್ತಾರೆ, ಇನ್ನೊಬ್ಬನ ಎದೆಯಲ್ಲಿ ಶಂಕರ್‌ನಾಗ್ ದಿಟ್ಟಿಸುತ್ತಾರೆ, ಮತ್ತೊಬ್ಬನದು 'ಕೆ.ಜಿ.ಎಫ್.' ಬೆಂಕಿ. ಗಡಿ ಸೀಮೆಯಲ್ಲವೇ? ತೆಲುಗು ನಾಯಕರಿಗೆ ಎದೆ ಕೊಟ್ಟವರೂ ಉಂಟು. ಇದೇ ಹಳಿಯಲ್ಲಿ ಗೌರಿಬಿದನೂರು ದಾಟಿದರೆ ಸಿಗುವ ಹಿಂದೂಪುರಕ್ಕೆ 2014ರಿಂದ ಶಾಸಕರಾಗಿರುವವರೇ ನಟ ನಂದಮೂರಿ ಬಾಲಕೃಷ್ಣ!

ಒಳಂಗಿಯಾಗಿದ್ದ ಟೀ ಶರ್ಟನ್ನು ಹೊರಗೆ ತಂದು ಮೆರೆಸಿದ್ದರಲ್ಲಿ ಸಿನಿಮಾದ ಪಾಲು ದೊಡ್ಡದು. 1951ರ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್'ನಲ್ಲಿ ಮರ್ಲಾನ್ ಬ್ರಾಂಡೊ ಅದನ್ನು ತೊಟ್ಟು ನಿಂತದ್ದೇ ತಡ, ಜಗತ್ತಿನ ಹುಡುಗರೆಲ್ಲ ಹಿಂದೆ ಬಿದ್ದರು. ಆ ಅಂಗಿಯ ಮೇಲೆ ಚಿತ್ರವೇ ಇರಲಿಲ್ಲ, ಗೊತ್ತೇ?

ಬಣ್ಣ ಕಡಿಮೆ, ಗತ್ತು ಜಾಸ್ತಿ

ಚೆ ಗೆವಾರನ ಮುಖ ನೀವು ನೋಡಿಯೇ ಇರುತ್ತೀರಿ. 1960ರಲ್ಲಿ ಆಲ್ಬರ್ಟೊ ಕೋರ್ಡಾ ತೆಗೆದ ಫೋಟೋ ಅದು. 1968ರಲ್ಲಿ ಐರ್ಲೆಂಡಿನ ಕಲಾವಿದ ಜಿಮ್ ಫಿಟ್ಜ್‌ಪ್ಯಾಟ್ರಿಕ್ ಅದನ್ನು ಕೆಂಪು ಕಪ್ಪಿಗೆ ಇಳಿಸಿದ. ಕೆನ್ನೆಯ ನಯ, ಚರ್ಮದ ಬಣ್ಣ ಎಲ್ಲ ಹೋಯ್ತು. ಉಳಿದದ್ದು ನೆರಳು ಮತ್ತು ನೋಟ. ಆದರೂ ಅರ್ಧ ಫರ್ಲಾಂಗಿನಿಂದ ಗುರುತು ಹತ್ತುತ್ತೆ!

ನಮ್ಮ ಶಂಕರಣ್ಣನ ಮುಖಕ್ಕೂ ಆ ಗುಣವಿದೆ. ಆ ಗಡ್ಡ, ಆ ಕೂದಲು, ಆ ಕಣ್ಣು... ಒಂದೇ ಬಣ್ಣ ಸಾಕು. 'ಆಟೋ ರಾಜ' ಬಂದದ್ದು 1980ರಲ್ಲಿ, ಶಂಕರ್ ನಮ್ಮನ್ನಗಲಿದ್ದು 1990ರಲ್ಲಿ. ಅವರನ್ನು ತೆರೆಯ ಮೇಲೆ ಹೊಸದಾಗಿ ನೋಡದ ಹುಡುಗರೂ ಹಳದಿ ಬಟ್ಟೆಯ ಮೇಲಿನ ಕಪ್ಪು ಶಂಕರ್‌ನಾಗ್‌ನನ್ನು ಹುಡುಕಿ ಕೊಳ್ಳುತ್ತಾರೆ. ಆಟೋದ ಬಣ್ಣವೇ ಎದೆಗೆ ಬಂತಲ್ಲ, ಅದಕ್ಕೇ ಅಷ್ಟು ಒಪ್ಪುತ್ತೆ.

ಅಪ್ಪು ವಿಷಯ ಬೇರೆ. ಅವರ ಗುರುತೇ ನಗು. 2021ರ ಅಕ್ಟೋಬರ್ 29ರ ನಂತರ ಆ ನಗು ಅಚ್ಚಾಗದ ಊರಿಲ್ಲ. ಕಪ್ಪು ಬಟ್ಟೆ ಮೇಲೆ ಬಿಳಿಯಲ್ಲಿ ಬರೆದರೆ ನಗು ದೀಪದ ಹಾಗೆ ಹತ್ತಿಕೊಳ್ಳುತ್ತೆ. ಆದರೆ ಕೆಲವರು ರೆಕ್ಕೆ ಹಚ್ಚುತ್ತಾರೆ, ಮೋಡ ತುಂಬುತ್ತಾರೆ, ಪಾರಿವಾಳ ಹಾರಿಸುತ್ತಾರೆ, ಮಿಂಚು ಬೇರೆ! ಇಷ್ಟರ ನಡುವೆ ಅಪ್ಪು ಎಲ್ಲಪ್ಪಾ ಅಂತ ಹುಡುಕಬೇಕು.

ಅಣ್ಣಾವ್ರಿಗೆ ನನ್ನ ಓಟು ಬೂದು ಬಟ್ಟೆಗೆ. 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತೊಟ್ಟು ಮತ್ತೆ ಬಂತು, ನಿಜ. ಆದರೂ ಎದೆ ಮೇಲೆ ಆ ಗಾಂಭೀರ್ಯಕ್ಕೆ ಕಪ್ಪು ಬಿಳುಪೇ ಸೈ.

ಅಚ್ಚಿನ ಗುಟ್ಟು

ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್. ಬಣ್ಣ ಹೆಚ್ಚಿದಷ್ಟೂ ಖರ್ಚು. ಕಪ್ಪು ಬಟ್ಟೆಯಾದರೆ ಮೊದಲು ಬಿಳಿ ತಳ ಹಾಕಬೇಕು. ಇಲ್ಲದಿದ್ದರೆ ಹಳದಿ ಹೋಗಿ ಕೆಸರಾಗುತ್ತೆ. ಪ್ಲಾಸ್ಟಿಸಾಲ್ ಇಂಕನ್ನು ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದ ಮಾಡಬೇಕು. ಹದ ತಪ್ಪಿದರೆ ನಾಲ್ಕು ಒಗೆತಕ್ಕೆ ಬಿರುಕು! ಈಗಿನ ಡಿ.ಟಿ.ಎಫ್.ನಲ್ಲಿ ಚಿತ್ರವನ್ನು ಫಿಲಂ ಮೇಲೆ ಅಚ್ಚು ಮಾಡಿ, ಅಂಟಿನ ಪುಡಿ ಹಾಕಿ, ಬಿಸಿಯಲ್ಲಿ ಬಟ್ಟೆಗೆ ಒತ್ತುತ್ತಾರೆ. ಎಷ್ಟು ಬಣ್ಣವಾದರೂ ಒಂದೇ ಏಟಿಗೆ. ರೆಕ್ಕೆ, ಮೋಡ ಅಗ್ಗವಾದದ್ದು ಹೀಗೆ.

ಇದೆಲ್ಲ ಯಾಕೆ ಹೇಳ್ತೀನಿ ಅಂದ್ರೆ, ದಿನಗೂಲಿಯಲ್ಲಿ ಉಳಿಸಿದ ದುಡ್ಡಿನಲ್ಲಿ ಕೊಂಡ ಅಂಗಿ ಅದು. ಬಿರುಕು ಬಿಟ್ಟ ಮೇಲೆ ಏನಾಗುತ್ತೆ? ಮನೆಯಲ್ಲಿ ಅಮ್ಮ ಅದನ್ನೇ ನೆಲ ಒರೆಸೋಕೆ ತಗೋತಾರೆ. ನಿನ್ನೆ ಎದೆ ಮೇಲಿದ್ದ ಮುಖ ಇವತ್ತು ಕಾಲಡಿ! ಒಬ್ಬ ಹುಡುಗ ನನಗೆ ಹೇಳಿದ: "ಅಣ್ಣಾ, ಹರಿದೋಯ್ತು, ಆದ್ರೆ ಒರೆಸೋಕೆ ಕೊಡಕ್ಕೆ ಮನಸ್ಸು ಬರಲಿಲ್ಲ. ಮುಖ ಕತ್ತರಿಸಿ ಪೆಟ್ಟಿಗೇಲಿ ಇಟ್ಟಿದ್ದೀನಿ."

ಆದ್ದರಿಂದ ಮಿತ್ರರೇ, ಕೊಳ್ಳುವಾಗ ಹತ್ತಡಿ ಹಿಂದೆ ನಿಂತು ನೋಡಿ. ಅಚ್ಚನ್ನು ಮೆಲ್ಲಗೆ ಎಳೆದು ನೋಡಿ. ಬಿರುಕು ಕಂಡರೆ ವಾಪಸ್ ಕೊಡಿ. ಒಗೆಯುವಾಗ ಒಳಮಗ್ಗುಲು ಮಾಡಿ, ತಣ್ಣೀರಲ್ಲಿ ಒಗೆದು ನೆರಳಲ್ಲಿ ಹರವಿ. ಚಿತ್ರದ ಮೇಲೆ ಇಸ್ತ್ರಿ ಬೇಡವೇ ಬೇಡ. ಸ್ಟಾರ್ ಮುಖಕ್ಕೆ ಕಾದ ಕಬ್ಬಿಣ ಇಡೋರನ್ನ ಅಭಿಮಾನಿ ಅಂತಾರೇನ್ರೀ?